ಸೀಟಿ ಅಜ್ಜನ ನೀಲಿ ಬೆರಳು

"ಇಲ್ಲೇನೂ ಇಲ್ಲವಲ್ಲಮ್ಮ," ಎಂದ ಇನ್ಸ್‌ಪೆಕ್ಟರ್, ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆ. "ಸುತ್ತ ಕೆಂಪು. ನಡುವೆ ಬಿಳೀ ಗೀರು. ಖಾಲಿ ಜಾಗ."

"ಆ ಖಾಲಿ ಜಾಗಾನೇ ನೋಡಿ ಸಾರ್," ಎಂದಳು ಗಾಜಿನಕ್ಕ. "ಅದನ್ನೇ ತೋರಿಸೋಕೆ ಕರೆಸಿದ್ದು."

ಇಪ್ಪತ್ತೆರಡು ವರ್ಷದಿಂದ ಸತ್ತವರ, ಬದುಕಿದವರ ಚೂರುಪಾರನ್ನು ಕುಯ್ದು ಗಾಜಿನ ಪಟ್ಟಿಗೆ ಅಂಟಿಸುವುದೇ ಅವಳ ಕೆಲಸ. ಅದಕ್ಕೇ ಇಡೀ ಆಸ್ಪತ್ರೆಗೆ ಅವಳು ಗಾಜಿನಕ್ಕ. ಪೊಲೀಸರಿಗೆ ಹೆದರುವ ಪೈಕಿಯಲ್ಲ.

"ಏನೂ ಇಲ್ಲದ್ದನ್ನ ನೋಡೋಕೆ ನನಗೇನು ಕೆಲಸ ಇಲ್ವಾ?" ಇನ್ಸ್‌ಪೆಕ್ಟರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಇವತ್ತು. ಮೂವತ್ತು ವರ್ಷ ಫುಟ್‌ಬಾಲ್ ರೆಫ್ರಿಯಾಗಿ ಮೈದಾನ ತುಳಿದಿದ್ದ ಸೀಟಿ ಅಜ್ಜ ಸತ್ತು ಹನ್ನೆರಡು ದಿನ. ವಿಷ ಹಾಕಿ ಕೊಂದಳೆಂದು ಅವನ ಕಿರಿಸೊಸೆಯನ್ನು ಇನ್ಸ್‌ಪೆಕ್ಟರೇ ನಿನ್ನೆ ಹಿಡಿದು ತಂದು ಕೂರಿಸಿದ್ದ. ಇವತ್ತು ನಾಲ್ಕು ಗಂಟೆಗೆ ಅವಳನ್ನು ಕೋರ್ಟಿನ ಮುಂದೆ ನಿಲ್ಲಿಸಬೇಕು. ಈಗ ಹನ್ನೊಂದೂವರೆ.

"ಗೋಡೆಯಿಂದ ಮೊಳೆ ಕಿತ್ತರೆ ಏನು ಉಳಿಯತ್ತೆ?" ಗಾಜಿನಕ್ಕ ಕೇಳಿದಳು.

"ತೂತು."

"ತೂತು ನೋಡಿದ್ರೆ ಮೊಳೆ ಚೂಪಾಗಿತ್ತಾ ಮೊಂಡಾಗಿತ್ತಾ ಗೊತ್ತಾಗಲ್ವಾ? ಇದೂ ಅಷ್ಟೇ. ಅಜ್ಜನ ಮೂತ್ರಪಿಂಡದ ಚೂರನ್ನ ಸ್ಪಿರಿಟ್‌ನಲ್ಲಿ ಅದ್ದಿದೆ, ಮೇಣದಲ್ಲಿ ಕೂರಿಸಿದೆ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕುಯ್ದೆ. ಅಷ್ಟು ಸ್ನಾನ ಮಾಡಿಸೋ ಹೊತ್ತಿಗೆ ಒಳಗಿದ್ದ ಕೊಬ್ಬಿನ ಹರಳು ಕರಗಿ ಹೋಗತ್ತೆ. ಹರಳು ಹೋದರೂ ಅದು ಕೂತಿದ್ದ ಜಾಗ ಹೋಗಲ್ಲ. ಸೂಜಿ ಆಕಾರದಲ್ಲಿ ಹಂಗೇ ಉಳಿಯತ್ತೆ. ಕಾಲ್ಬೆರಳಿನ ಚರ್ಮದಲ್ಲೂ ಇದೇ ಇದೆ."

ಇನ್ಸ್‌ಪೆಕ್ಟರ್ ಮತ್ತೆ ಬಗ್ಗಿ ನೋಡಿದ. ಈಗ ಕಂಡಿತು. ಒಂದು ಸಣ್ಣ ರಕ್ತನಾಳದ ಬಾಯಿಗೆ ಅಡ್ಡಲಾಗಿ ಮೂರು ನಾಲ್ಕು ಸೂಜಿಗಳ ನೆರಳು. ಸೂಜಿಗಳಲ್ಲ, ಸೂಜಿಗಳಿದ್ದ ಜಾಗ.

"ಅಂದರೆ?"

"ವಯಸ್ಸಾದವರ ದೊಡ್ಡ ರಕ್ತನಾಳದ ಒಳಗೋಡೆಗೆ ಕೊಬ್ಬು ಗಾರೆ ಥರ ಮೆತ್ತಿರತ್ತೆ. ಆ ಗಾರೆ ಚಕ್ಕೆ ಎದ್ದು ಉದುರಿದರೆ ರಕ್ತದ ಜೊತೆ ತೇಲಿ ಹೋಗತ್ತೆ. ದೊಡ್ಡ ಕೊಳವೇಲಿ ಅಡ್ಡಿಯಿಲ್ಲ. ಸಣ್ಣದಕ್ಕೆ ಬಂದಾಗ ಸಿಕ್ಕಿಕೊಳ್ಳತ್ತೆ. ಮೂತ್ರಪಿಂಡದಲ್ಲಿ ಸಿಕ್ಕಿದರೆ ಅದು ಕೆಟ್ಟು ಕೂರತ್ತೆ. ಕಾಲಿನ ತುದೀಲಿ ಸಿಕ್ಕಿದರೆ ಬೆರಳು ನೀಲಿ. ಚರ್ಮದಲ್ಲಿ ಸಿಕ್ಕಿದರೆ ಮೈಮೇಲೆ ನೇರಳೆ ಬಲೆ ಹಾಸಿದ ಹಾಗೆ ಕಾಣತ್ತೆ."

ಇನ್ಸ್‌ಪೆಕ್ಟರಿಗೆ ಯಾರೋ ಕಪಾಳಕ್ಕೆ ಬಿಟ್ಟಂತಾಯಿತು. ಅಜ್ಜನ ತೊಡೆಯ ಮೇಲೆ ಅಂಥದ್ದೇ ಬಲೆಯಿತ್ತು. ಅದನ್ನು ತೋರಿಸಿ "ಇದು ವಿಷದ ಗುರುತು ಸಾರ್" ಎಂದವನು ಹಿರಿಮಗ. ಅವನು ಆಸ್ಪತ್ರೆಗಳಿಗೆ ಉಪಕರಣ ಮಾರುವ ಏಜೆಂಟ್. ಬಾಯಿ ಬಿಟ್ಟರೆ ಡಾಕ್ಟರಂತೆಯೇ ಮಾತು. ಅಡುಗೆಮನೆಯ ಅಟ್ಟದಲ್ಲಿ ಇಲಿ ಪಾಷಾಣದ ಡಬ್ಬಿ ಸಿಕ್ಕಿದ್ದೇ ತಡ, ಇನ್ಸ್‌ಪೆಕ್ಟರ್ ಸೊಸೆಯನ್ನು ಜೀಪಿಗೆ ಹತ್ತಿಸಿಬಿಟ್ಟಿದ್ದ. ಇಲಿ ಇರುವ ಯಾವ ಮನೆಯಲ್ಲಿ ಆ ಡಬ್ಬಿ ಇಲ್ಲ? ಅದನ್ನು ಯೋಚಿಸುವಷ್ಟು ವ್ಯವಧಾನ ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ.

"ಆದರೆ ಅಜ್ಜನ ಪಾದದಲ್ಲಿ ನಾಡಿ ಚೆನ್ನಾಗೇ ಬಡೀತಿತ್ತು ಅಂತ ಕೇಸ್ ಹಾಳೇಲಿ ಬರೆದಿದಾರಲ್ಲ. ರಕ್ತ ಹರೀತಿದ್ರೆ ಬೆರಳು ಯಾಕೆ ನೀಲಿ ಆಗತ್ತೆ?"

"ದೊಡ್ಡ ರಸ್ತೆ ತೆರೆದಿದೆ ಸಾರ್. ಕಲ್ಲು ಬಿದ್ದಿರೋದು ಓಣಿಗಳಲ್ಲಿ."

"ಹಾಗಾದ್ರೆ ವಿಷ ಅಲ್ಲ."

"ನನ್ನ ಕೇಳಬೇಡಿ. ನಾನು ಕುಯ್ಯೋಳು, ಹೇಳೋಳಲ್ಲ. ದೊಡ್ಡ ಡಾಕ್ಟರು ಬೆಳಿಗ್ಗೆ ನೋಡಿ ಇದೇ ಕಾರಣ ಅಂದಿದಾರೆ. ಬರೆದು ಸಹಿ ಬೀಳೋದು ನಾಳೆ."

"ನಾಳೆ ಯಾರಿಗೆ ಬೇಕು? ನಾಲ್ಕು ಗಂಟೆಗೆ ನನಗೆ ಬೇಕು." ಅವನು ಟೋಪಿ ಎತ್ತಿಕೊಂಡ. ಬಾಗಿಲ ತನಕ ಹೋದವನು ತಿರುಗಿದ. "ಆ ಗಾರೆ ಸುಮ್ಮಸುಮ್ಮನೆ ಉದುರತ್ತಾ?"

"ಉದುರಬಹುದು. ಅಪರೂಪ. ಹೆಚ್ಚಾಗಿ ಉದುರೋದು ಯಾರಾದ್ರೂ ಒಳಗೆ ಕೈಯಾಡಿಸಿದಾಗ. ಹೃದಯ ನೋಡೋಕೆ ತೊಡೆಸಂದೀಲಿ ಚುಚ್ಚಿ ತಂತಿ ತೂರಿಸ್ತಾರಲ್ಲ, ಅದು ಹೋಗ್ತಾ ಗೋಡೆ ಗೀಚತ್ತೆ."

ಮರಣೋತ್ತರ ವರದಿಯ ಒಂದು ಸಾಲು ಇನ್ಸ್‌ಪೆಕ್ಟರ್ ಕಣ್ಣ ಮುಂದೆ ಬಂತು. 'ಬಲ ತೊಡೆಸಂದಿಯಲ್ಲಿ ಮಾಗಿದ ಸಣ್ಣ ಚುಕ್ಕೆ ಗಾಯ.' ಅವನು ಅದನ್ನು ಗುಳ್ಳೆಯೆಂದುಕೊಂಡು ಹಾಳೆ ತಿರುವಿದ್ದ. ಅಜ್ಜ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ಮೇಲೆ ಯಾರೂ ತಂತಿ ಹಾಕಿರಲಿಲ್ಲ. ಅದಕ್ಕೆ ಮೊದಲು ಅಜ್ಜ ಆಸ್ಪತ್ರೆ ಮೆಟ್ಟಿಲೇ ತುಳಿದವನಲ್ಲ ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು.

ಹಾಗಾದರೆ ಚುಚ್ಚಿದವರು ಯಾರು? ಯಾವಾಗ?

ಜೀಪಿನಲ್ಲಿ ಕೂತಾಗ ಅವನಿಗೆ ಬೂಟು ನೆನಪಾಯಿತು.

ಅಜ್ಜನ ಮಂಚದ ಕೆಳಗೆ ಒಂದು ಜೊತೆ ಹೊಸ ಬೂಟಿತ್ತು. ಹಾಕಿಯೇ ಇಲ್ಲದ್ದು. ಹಳೆಯ ಆಟಗಾರರ ಪಂದ್ಯಕ್ಕೆ ಕೊನೆಯ ಸಲ ಸೀಟಿ ಊದಲು ಅಜ್ಜ ಹೊಲಿಸಿಕೊಂಡಿದ್ದು. ಎಡಗಾಲಿನ ಬೂಟು ಮುಂದೆ ಒಂದು ಬೆರಳಗಲ ಜಾಸ್ತಿ ದೊಡ್ಡದಿತ್ತು. ಹೊಲಿದವನು ಕುರುಡನಿರಬೇಕು ಎಂದು ಇನ್ಸ್‌ಪೆಕ್ಟರ್ ಅವತ್ತು ನಕ್ಕಿದ್ದ.

"ಕುರುಡ ನಾನು," ಎಂದ ಈಗ, ಗಟ್ಟಿಯಾಗಿ.

"ಸಾರ್?" ಎಂದ ಜೀಪು ಓಡಿಸುತ್ತಿದ್ದ ಹೆಡ್ ಕಾನ್‌ಸ್ಟೇಬಲ್.

"ಬೂಟು ಹೊಲಿದೋನು ಆ ಬೆರಳು ನೋಡಿದಾನಯ್ಯ. ಗಾಡಿ ತಿರುಗಿಸು."

*

ಬೂಟಿನ ಮೇಸ್ತ್ರಿಯ ಅಂಗಡಿ ಎರಡು ಮಳಿಗೆಗಳ ನಡುವೆ ಸಿಕ್ಕಿಕೊಂಡ ಒಂದು ಸಂದು. ಗೋಡೆ ತುಂಬ ಮರದ ಪಾದಗಳು ಜೋಡಿ ಜೋಡಿಯಾಗಿ ನೇತಾಡುತ್ತಿದ್ದವು. ಅಂಟು, ಮೇಣ, ಹದ ಮಾಡಿದ ಚರ್ಮದ ವಾಸನೆ. ಮೇಸ್ತ್ರಿ ತಲೆಯೆತ್ತಲಿಲ್ಲ. ಬಾಗಿಲಲ್ಲಿ ನಿಂತ ಕಾಲುಗಳನ್ನಷ್ಟೇ ನೋಡಿದ.

"ಪೊಲೀಸ್ ಬೂಟು. ಬಲ ಹಿಮ್ಮಡಿ ಸವೆದಿದೆ. ನೆಲದ ಮೇಲೆ ಏನು ಸಿಟ್ಟು ಸಾರ್ ನಿಮಗೆ, ಒದ್ದು ಒದ್ದು ನಡೀತೀರಿ?"

ಹೆಡ್ ಕಾನ್‌ಸ್ಟೇಬಲ್ ಆಚೆ ತಿರುಗಿ ಕೆಮ್ಮಿದ.

"ನನ್ನ ಕಾಲು ಬಿಡು," ಎಂದ ಇನ್ಸ್‌ಪೆಕ್ಟರ್. "ಸೀಟಿ ಅಜ್ಜನ ಕಾಲು ಹೇಳು."

ಮೇಸ್ತ್ರಿಯ ಕೈಯಲ್ಲಿದ್ದ ಉಳಿ ನಿಂತಿತು. "ಇಪ್ಪತ್ತು ವರ್ಷದ ಗಿರಾಕಿ. ಮೊನ್ನೆ ಬೂಟು ಕೊಟ್ಟು ಬಂದೆ, ಹಾಕಿಕೊಳ್ಳೋಕೆ ಕಾಲೇ ಉಳೀಲಿಲ್ಲ." ಅವನು ಎದ್ದು ಹಲಗೆಯ ಮೇಲಿದ್ದ ಕಂದು ಕಾಗದದ ಕಟ್ಟು ಇಳಿಸಿದ.

ಮೇಸ್ತ್ರಿಗೆ ಒಂದು ಅಭ್ಯಾಸ. ಹಳೆಯ ಗಿರಾಕಿಯಾದರೂ ಸರಿ, ಪ್ರತಿ ಸಲ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆಯುತ್ತಾನೆ. ಎಲ್ಲಿ ಆಣಿ, ಎಲ್ಲಿ ಬಾವು, ಎಲ್ಲಿ ಮುಟ್ಟಿದರೆ ನೋವು, ಎಲ್ಲವನ್ನೂ ಅಲ್ಲೇ ಗುರುತು ಹಾಕುತ್ತಾನೆ. ತಾರೀಕು ಬರೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು ಗುಂಡುಸೂಜಿಯಲ್ಲಿ ಚುಚ್ಚಿಬಿಡುತ್ತಾನೆ.

"ತಾರೀಕು ಬರೆದ್ರೆ ತಪ್ಪಬಹುದು ಸಾರ್. ಹರಿದ ಹಾಳೆ ತಪ್ಪಲ್ಲ."

ಕಾಗದ ಬಿಚ್ಚಿಕೊಂಡಿತು. ಎರಡು ಪಾದ. ಎಡಗಾಲಿನ ಹೆಬ್ಬೆರಳಿಗೂ ಕಿರುಬೆರಳಿಗೂ ನೀಲಿ ಪೆನ್ಸಿಲ್ ತಿಕ್ಕಿತ್ತು. ಪಕ್ಕದಲ್ಲಿ ಕೋಳಿ ಕೆದಕಿದಂಥ ಅಕ್ಷರ: 'ನೀಲಿ. ತಣ್ಣಗಿದೆ. ಒತ್ತಿದರೆ ನೋವು. ಮುಂದೆ ಅಗಲ ಇಡಬೇಕು.'

ಚುಚ್ಚಿದ್ದ ಹಾಳೆ ಕಳೆದ ತಿಂಗಳಿನದು. ಆರನೇ ತಾರೀಕು.

ಸೊಸೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿ ತಿಂಗಳಾಗಿತ್ತು. ಅವಳು ವಾಪಸು ಬಂದದ್ದು ಅದೇ ತಿಂಗಳ ಹನ್ನೆರಡನೇ ತಾರೀಕು. ಬಂದ ಮೇಲೆ ದಿನಾ ರಾತ್ರಿ ಹಾಲಿನಲ್ಲಿ ವಿಷ ಬೆರೆಸಿದಳು ಎಂಬುದೇ ಅವಳ ಮೇಲಿನ ದೂರು. ಅವಳು ಮನೆಗೆ ಬರುವುದಕ್ಕೆ ಆರು ದಿನ ಮೊದಲೇ ಬೆರಳು ನೀಲಿಯಾಗಿತ್ತು.

"ಇದೇ ಆರನೇ ತಾರೀಕಾ? ನಿಜವಾಗ್ಲೂ?"

"ಬೆಳಿಗ್ಗೆ ಹನ್ನೊಂದಕ್ಕೆ. ಬಲಗಾಲು ಮಡಚಲಿಲ್ಲ ಅವರು. ಸ್ಟೂಲ್ ಮೇಲೆ ಕೋಲಿನ ಹಾಗೆ ಚಾಚಿಕೊಂಡು ಕೂತ್ರು. 'ಎರಡು ದಿನ ಮಡಚಬೇಡ ಅಂದಿದಾರೆ ಕಣೋ' ಅಂದ್ರು."

"ಯಾರು ಅಂದಿದ್ದು?"

"ನಾನು ಕೇಳಲಿಲ್ಲ."

"ಒಬ್ಬರೇ ಬಂದಿದ್ರಾ?"

"ಕಾರಲ್ಲಿ ಬಂದ್ರು. ಓಡಿಸ್ತಿದ್ದೋರು ಇಳೀಲಿಲ್ಲ. ನಾನು ಮುಖ ನೋಡೋನಲ್ಲ ಸಾರ್. ಇಳಿದಿದ್ರೆ ಪಾದ ಹೇಳ್ತಿದ್ದೆ."

*

ಠಾಣೆಗೆ ಬಂದಾಗ ಎರಡೂ ಮುಕ್ಕಾಲು. ಹಿರಿಮಗ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಕಾಯುತ್ತಿದ್ದ. ಗಡಿಯಾರ ನೋಡಿ ಎದ್ದು ನಿಂತ.

"ನಾಲ್ಕಕ್ಕೆ ಕೋರ್ಟ್ ಅಲ್ವಾ ಸಾರ್? ನಾನೂ ಬರ್ತೀನಿ. ನಮ್ಮಪ್ಪನಿಗೆ ನ್ಯಾಯ ಸಿಗೋದು ನೋಡಬೇಕು."

"ಕೂತ್ಕೊಳ್ಳಿ. ನ್ಯಾಯ ತಂದಿದೀನಿ." ಇನ್ಸ್‌ಪೆಕ್ಟರ್ ಪಾದದ ಕಾಗದವನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ತಟ್ಟಿದ. ಮಸಿಕುಡಿಕೆ ಕುಣಿಯಿತು. "ಇದು ಯಾರ ಕಾಲು?"

ಹಿರಿಮಗ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಬೂಟಿನವನ ಗೀಚು. ಇದಕ್ಕೇನು ಬೆಲೆ ಸಾರ್?"

"ಆರನೇ ತಾರೀಕು ನಿಮ್ಮಪ್ಪನ ಬೆರಳು ನೀಲಿ. ಅವತ್ತು ನಿಮ್ಮ ತಮ್ಮನ ಹೆಂಡತಿ ತವರಲ್ಲಿ. ಅಲ್ಲಿಂದ ಹಾಲಿಗೆ ವಿಷ ಹಾಕೋಕೆ ಅವಳ ಕೈ ಎಷ್ಟುದ್ದ ಇರಬೇಕು?"

"ಮತ್ತೆ ಆ ನೇರಳೆ ಬಲೆ..."

"ವಿಷ ಅಂತ ನನ್ನ ಕಿವಿ ಮೇಲೆ ಹೂ ಇಟ್ರಲ್ಲ, ಅದೇ ಬಲೆ. ನಿಮ್ಮಪ್ಪನ ರಕ್ತನಾಳದೊಳಗಿನ ಕೊಬ್ಬು ಉದುರಿ ಸಣ್ಣ ನಾಳಗಳಿಗೆ ಅಡ್ಡ ಬಿದ್ದಿದೆ. ಉದುರಿಸಿದ್ದು ತಂತಿ. ತೊಡೇಲಿ ಚುಚ್ಚಿದ ಗುರುತಿದೆ. ಯಾವ ಆಸ್ಪತ್ರೇಲಿ ಹಾಕಿಸಿದ್ರಿ?"

"ಆಸ್ಪತ್ರೆ?" ಹಿರಿಮಗ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. "ನಮ್ಮಪ್ಪ ಡಾಕ್ಟರು ಅಂದ್ರೆ ಸೀಟಿ ಊದಿ ಓಡಿಸೋರು ಸಾರ್. ನನಗೆ ಗೊತ್ತಿಲ್ಲದ ಹಾಗೆ ಎಲ್ಲೋ ಮಾಡಿಸಿಕೊಂಡಿರಬೇಕು."

"ಪಂದ್ಯಕ್ಕೆ ಮೊದಲು ಹೃದಯ ತೋರಿಸಿಕೊಂಡಿದಾರೆ. ಅಷ್ಟೇ. ಮಾಡಿದ ಡಾಕ್ಟರದ್ದೂ ತಪ್ಪಿರಲಿಕ್ಕಿಲ್ಲ. ಗಾರೆ ಉದುರಿತು, ಮುಗೀತು."

"ಹಾಗಾದ್ರೆ ಕೇಸ್ ಮುಗೀತಾ ಸಾರ್?"

"ಮುಗೀತು. ಹೋಗಿ ಅವಳ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನಿ."

ಹಿರಿಮಗನ ಭುಜ ಇಳಿಯಿತು. ಅವನು ಬೆಂಚಿಗೆ ಒರಗಿ ನಿಟ್ಟುಸಿರು ಬಿಟ್ಟ. ನಿನ್ನೆ ತನಕ ಅವಳನ್ನು ಗಲ್ಲಿಗೇರಿಸಬೇಕು ಎನ್ನುತ್ತಿದ್ದವನು ಇವತ್ತು ಕೇಸು ಮುಗಿಯಿತೆಂದರೆ ಯಾಕೆ ನಿರಾಳನಾಗಬೇಕು ಎಂದು ಇನ್ಸ್‌ಪೆಕ್ಟರ್ ಕೇಳಿಕೊಳ್ಳಲಿಲ್ಲ. ತನ್ನ ತಪ್ಪು ತಾನೇ ತಿದ್ದಿದ ಖುಷಿಯಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ಬೀಗದ ಕೈ ಕುಣಿಸುತ್ತ ಒಳಗೆ ನಡೆದ.

*

ಸೊಸೆ ಗೋಡೆಗೊರಗಿ ಕೂತಿದ್ದಳು. ಅವಳ ಗಂಡ ಹಡಗಿನ ಕೆಲಸದವನು, ಇನ್ನೂ ದಡ ಮುಟ್ಟಿರಲಿಲ್ಲ. ನಿನ್ನೆಯಿಂದ ಅವಳು ಆಡಿದ್ದು ಒಂದೇ ಮಾತು: 'ನಾನು ಕೊಂದಿಲ್ಲ.'

"ಎದ್ದೇಳಮ್ಮ. ಮನೆಗೆ ಹೋಗು," ಎಂದ ಇನ್ಸ್‌ಪೆಕ್ಟರ್. ತಪ್ಪಾಯಿತು ಎನ್ನುವುದು ಅವನ ಬಾಯಿಗೆ ಬರದ ಮಾತು. ಅದರ ಬದಲು ಎಲ್ಲವನ್ನೂ ಹೇಳಿದ. ಖಾಲಿ ಸೂಜಿ, ಗಾರೆ, ತಂತಿ, ನೀಲಿ ಬೆರಳು. "ಆರನೇ ತಾರೀಕು ನೀನು ತವರಲ್ಲಿದ್ದೆ. ಅದೇ ನಿನ್ನ ಉಳಿಸಿತು."

ಅವಳು ಏಳಲಿಲ್ಲ.

"ತೊಡೇಲಿ ಚುಚ್ಚಿದ್ದರು ಅಂದ್ರಾ ಸಾರ್? ಮಾವನವರಿಗೆ?"

"ಹೌದು. ಯಾವುದೋ ಆಸ್ಪತ್ರೇಲಿ. ನಿಧಾನಕ್ಕೆ ಹುಡುಕಿದ್ರಾಯ್ತು."

"ಹುಡುಕಬೇಡಿ. ಯಾವ ಆಸ್ಪತ್ರೆ ಅಂತ ನನಗೆ ಗೊತ್ತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕರಕೊಂಡು ಹೋಗಿದ್ದು ನಾನೇ."

ಇನ್ಸ್‌ಪೆಕ್ಟರ್ ಕೈಯಲ್ಲಿ ಬೀಗದ ಕೈ ನಿಂತಿತು.

"ನಾಲ್ಕನೇ ತಾರೀಕು. ಹಿಂದಿನ ರಾತ್ರಿ ಮಾವ ಫೋನ್ ಮಾಡಿ 'ಬಾರಮ್ಮ, ಎದೆ ಹಿಡೀತಿದೆ, ಯಾರಿಗೂ ಹೇಳಬೇಡ' ಅಂದ್ರು. ಪಂದ್ಯಕ್ಕೆ ಡಾಕ್ಟರ ಚೀಟಿ ಬೇಕಿತ್ತು ಅವರಿಗೆ. ಎದೆನೋವು ಅಂತ ಗೊತ್ತಾದ್ರೆ ಭಾವ ಮೈದಾನಕ್ಕೆ ಬಿಡಲ್ಲ ಅಂತ ಭಯ. ಬೆಳಿಗ್ಗೆ ಬಸ್ಸಲ್ಲಿ ಬಂದೆ. ಮನೆಗೆ ಹೋಗಲಿಲ್ಲ. ನೇರ ಆಸ್ಪತ್ರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೂ ನಾನೇ."

"ಇದನ್ನ ನಿನ್ನೆಯಿಂದ ಯಾಕಮ್ಮ ಬಾಯಿ ಬಿಡಲಿಲ್ಲ?"

"ಭಾಷೆ ಕೊಟ್ಟಿದ್ದೆ. ಮತ್ತೆ ಅದಕ್ಕೂ ಅವರ ಸಾವಿಗೂ ಸಂಬಂಧ ಇದೆ ಅಂತ ಈಗ ನೀವು ಹೇಳೋವರೆಗೂ ಗೊತ್ತಿರಲಿಲ್ಲ."

"ಆಯ್ತು. ಅಲ್ಲಿ ತಂತಿ ಹಾಕಿದ್ರು. ನಾನು ಹೇಳಿದ್ದೂ ಅದೇ ತಾನೆ?"

"ಹಾಕಲಿಲ್ಲ ಸಾರ್."

"ಏನು?"

"ಬಟ್ಟೆ ಬದಲಿಸಿ ಟೇಬಲ್ ಮೇಲೆ ಮಲಗಿಸಿದ್ರು. ಡಾಕ್ಟರು ಬರೋದು ಹತ್ತು ನಿಮಿಷ ತಡ ಆಯ್ತು. ಮಾವನ ತಾಳ್ಮೆ ಊರಿಗೇ ಗೊತ್ತು. ಹಸಿರು ಗೌನಲ್ಲೇ ಎದ್ದು ಬಂದ್ರು, ಹಿಂದೆ ದಾರ ಕೂಡ ಕಟ್ಟಿಕೊಳ್ಳದೆ. ಕುತ್ತಿಗೇಲಿದ್ದ ಸೀಟಿ ಒಂದು ಊದಿ 'ಪಂದ್ಯ ರದ್ದು' ಅಂದ್ರು. ನರ್ಸ್‌ಗಳು ನಕ್ಕೂ ನಕ್ಕೂ ಸುಸ್ತು." ಅವಳ ತುಟಿಯಲ್ಲೂ ನಗು ಬಂತು, ಕಣ್ಣಲ್ಲಿ ನೀರು. "ಅವರು ಮಾವನ್ನ ಮುಟ್ಟಲೇ ಇಲ್ಲ ಸಾರ್. ಬರೆದೂ ಕೊಟ್ಟಿದಾರೆ. ನನ್ನ ಚೀಲ ನೀವೇ ಇಟ್ಟುಕೊಂಡಿದೀರಲ್ಲ, ಅದರಲ್ಲಿದೆ."

ಅವನು ಒಳಕೋಣೆಯ ಕಪಾಟು ತೆರೆದು ಚೀಲವನ್ನು ಅಲ್ಲಿನ ಮೇಜಿನ ಮೇಲೆ ಸುರಿದ. ಬಾಚಣಿಗೆ, ಬಸ್ ಟಿಕೆಟ್ಟು, ಮಡಿಸಿದ ಒಂದು ಹಾಳೆ. ನಿನ್ನೆ ಅದನ್ನು ಏನೋ ಬಿಲ್ಲು ಎಂದು ಬಿಚ್ಚದೆ ಬಿಟ್ಟಿದ್ದ. ಈಗ ಬಿಚ್ಚಿದ. ಮೊಹರು, ಸಹಿ, ನಾಲ್ಕನೇ ತಾರೀಕು, ಮಧ್ಯಾಹ್ನ ಹನ್ನೆರಡೂ ಹತ್ತು: 'ಚಿಕಿತ್ಸೆ ಆರಂಭಿಸುವ ಮೊದಲೇ ರೋಗಿ ಸ್ವಇಚ್ಛೆಯಿಂದ ಹೊರಟುಹೋದರು.'

"ಸಂಜೆ ಬಸ್ಸಿಗೆ ನನ್ನ ಹತ್ತಿಸಿ, ನಿಲ್ದಾಣದಲ್ಲಿ ಸೀಟಿ ಊದಿ ಕಳಿಸಿದ್ರು," ಎಂದಳು ಸೊಸೆ. "ಬಸ್ಸಿನ ಪಕ್ಕ ಓಡಿ ಬಂದ್ರು ಸಾರ್, ಎರಡೂ ಕಾಲಲ್ಲಿ. ಬೆರಳು ನೀಲಿ ಇದ್ದೋರು ಓಡ್ತಾರಾ?"

ಇನ್ಸ್‌ಪೆಕ್ಟರ್ ಅವಳನ್ನು ದಿಟ್ಟಿಸಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ನಿನಗೆ ತಲೆ ಸರಿಯಿದೆಯೇನಮ್ಮ? ಊರಲ್ಲಿ ಇರಲಿಲ್ಲ ಅನ್ನೋದೊಂದೇ ನಿನಗಿದ್ದ ಆಸರೆ. ನಾನೇ ಬಾಗಿಲು ತೆಗೆದು ನಿಂತಿದ್ದೆ. ಸುಮ್ಮನೆ ಎದ್ದು ಹೋಗಿದ್ರೆ ಆಗ್ತಿತ್ತು. ಈಗ ನೀನು ಕದ್ದು ಬಂದಿದ್ದೆ ಅಂತ ನಾನೇ ಬರಕೊಳ್ಳಬೇಕು."

"ಗೊತ್ತು ಸಾರ್. ನಾನು ಎದ್ದು ಹೋಗ್ತಿದ್ದೆ, ನೀವು ಫೈಲು ಮುಚ್ತಿದ್ರಿ. ಮಾವನ ತೊಡೆಗೆ ಚುಚ್ಚಿದೋರು ನನ್ನ ಕೈಯಲ್ಲೇ ಕಾಫಿ ಇಸಕೊಂಡು ಕುಡೀತಿದ್ರೇನೋ."

ಅವನು ಕುರ್ಚಿ ಎಳೆದು ಕೂತ. ನಾಲ್ಕನೇ ತಾರೀಕು ಸಂಜೆ ಅಜ್ಜ ಓಡಿದ್ದಾನೆ. ಆರನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಎಡಗಾಲಿನ ಬೆರಳು ನೀಲಿ, ಬಲಗಾಲು ಮಡಚುವಂತಿಲ್ಲ. ನಡುವೆ ಉಳಿದದ್ದು ಐದನೇ ತಾರೀಕು ಒಂದೇ. ಆಸ್ಪತ್ರೆಯ ಟೇಬಲ್ಲಿನಿಂದ ಇಳಿದು ಬಂದ ಮನುಷ್ಯನನ್ನು ಆ ಒಂದು ದಿನದಲ್ಲಿ ಎಲ್ಲೋ ಮಲಗಿಸಿ, ಯಾರೋ ಅವನ ರಕ್ತನಾಳದೊಳಗೆ ತಂತಿ ತೂರಿಸಿದ್ದಾರೆ. ಅಂಥ ತಂತಿ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ.

ಐದನೇ ತಾರೀಕು. ಎಲ್ಲೋ ಓದಿದ್ದೇನಲ್ಲ.

ಅವನು ಕಪಾಟಿನಿಂದ ಫೈಲು ಎಳೆದು ಹಾಳೆ ಮಗುಚಿದ. ಹಿರಿಮಗನ ಹೇಳಿಕೆ, ಎರಡನೇ ಪುಟ, ಕೆಳಗಿನ ಸಾಲು. ತಂದೆಯನ್ನು ಆರೋಗ್ಯವಾಗಿ ಕಂಡದ್ದು ಯಾವಾಗ ಎಂಬ ಪ್ರಶ್ನೆಗೆ ಉತ್ತರ: 'ಐದನೇ ತಾರೀಕು ನನಗೆ ರಜೆ. ಬೆಳಗಿನಿಂದ ರಾತ್ರಿಯವರೆಗೆ ತಂದೆಯ ಜೊತೆ ನಾನೊಬ್ಬನೇ ಇದ್ದೆ.'

ಸಹಿ. ಅದರ ಕೆಳಗೆ ಉದ್ಯೋಗ: 'ಆಸ್ಪತ್ರೆ ಉಪಕರಣಗಳ ಮಾರಾಟ.'

'ಹಾಗಾದ್ರೆ ಕೇಸ್ ಮುಗೀತಾ ಸಾರ್?' ಎಂದ ಆ ಸ್ವರ ಈಗ ಕಿವಿಯಲ್ಲಿ ಗುಂಯ್ ಎಂದಿತು. ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಪಾದದ ಕಾಗದ. ಖುಷಿಯಲ್ಲಿ ಅದನ್ನು ಹೊರಗಿನ ಮೇಜಿನ ಮೇಲೆ, ಹಿರಿಮಗನ ಮುಂದೆಯೇ ಹಾಸಿ ಬಂದಿದ್ದ.

ಕುರ್ಚಿ ಹಿಂದಕ್ಕೆ ಬಿತ್ತು. ಮೂರು ಹೆಜ್ಜೆಗೆ ಹೊರಗಿದ್ದ.

ಬೆಂಚು ಖಾಲಿ.

"ಎಲ್ಲಯ್ಯಾ ಅವನು?"

"ಹೋದ್ರಲ್ಲ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್, ಟೀ ಲೋಟ ಕೆಳಗಿಟ್ಟು. "ಕೇಸ್ ಮುಗೀತು ಅಂತ ನೀವೇ ಅಂದ್ರಿ. ಹತ್ತು ನಿಮಿಷ ಆಯ್ತು, ಕಾರು ಹತ್ತಿಕೊಂಡು ಹೊರಟ್ರು."

ಇನ್ಸ್‌ಪೆಕ್ಟರ್ ಮೇಜಿನ ಬಳಿ ಬಂದ. ಗುಂಡುಸೂಜಿ ಚುಚ್ಚಿದ ಕ್ಯಾಲೆಂಡರ್ ಹಾಳೆ ಮಾತ್ರ ಮಸಿಕುಡಿಕೆಯ ಪಕ್ಕ ಬಿದ್ದಿತ್ತು. ಸೂಜಿಗೆ ಕಂದು ಕಾಗದದ ಒಂದು ಚೂರು ಸಿಕ್ಕಿಕೊಂಡಿತ್ತು, ಉಗುರಿನಷ್ಟು.

ತಾರೀಕು ಉಳಿದಿತ್ತು. ಪಾದ ಎದ್ದು ಹೋಗಿತ್ತು.